ಕಾರ್ಕಸೋನ್ (ಬೋರ್ಡ್ ಆಟ)

ಕಾರ್ಕಸೋನ್: ಜರ್ಮನಿಯ ಕ್ಲಾಸ್-ಯೂರ್ಗನ್ ವ್ರೇಡೆ ರೂಪಿಸಿ, 2000ದಲ್ಲಿ ಹಾನ್ಸ್ ಇಮ್ ಗ್ಲ್ಯುಕ್ ಸಂಸ್ಥೆ ಪ್ರಕಟಿಸಿದ ತಂತ್ರಗಾರಿಕೆಯ ಆಟ. ದಕ್ಷಿಣ ಫ್ರಾನ್ಸಿನ ಕೋಟೆನಗರವೊಂದರ ಹೆಸರನ್ನು ಹೊತ್ತಿದೆ. ಇಬ್ಬರಿಂದ ಐವರವರೆಗೆ ಆಡಬಹುದು.

ಆಡುವ ವಿಧಾನ: ನಗರ, ದಾರಿ, ಹೊಲ, ಮಠಗಳ ಚಿತ್ರವಿರುವ 72 ಚೌಕ ಬಿಲ್ಲೆಗಳೇ ಆಟದ ನೆಲ. ಆಟಗಾರರು ಸರದಿಯಂತೆ ಒಂದೊಂದು ಬಿಲ್ಲೆ ಎತ್ತಿ, ಅಂಚಿನ ಚಿತ್ರಗಳು ಕೂಡುವಂತೆ ಜೋಡಿಸುತ್ತಾರೆ; ಬೇಕೆನಿಸಿದರೆ ಅದರ ಮೇಲೆ ತಮ್ಮ ಮರದ ಕಾಯಿ ಇಡುತ್ತಾರೆ. ಕೋಟೆಗೋಡೆ ಸುತ್ತಲೂ ಮುಚ್ಚಿದಾಗ ನಗರ ಪೂರ್ಣವಾಗಿ, ಅಲ್ಲಿ ಕಾಯಿ ಇಟ್ಟವರಿಗೆ ಬಿಲ್ಲೆಗೆ 2 ಅಂಕ ಸಿಗುತ್ತದೆ. ದಾರಿಯ ಬಿಲ್ಲೆಗೆ 1 ಅಂಕ. ಎಂಟೂ ದಿಕ್ಕಿನಲ್ಲಿ ಬಿಲ್ಲೆಗಳು ಸುತ್ತುವರಿದ ಮಠಕ್ಕೆ 9.

ವೈಶಿಷ್ಟ್ಯ: ಕೊನೆಯ ಬಿಲ್ಲೆಯವರೆಗೆ ಯಾರೂ ಆಟದಿಂದ ಹೊರಬೀಳುವುದಿಲ್ಲ. ಬೇರೆಯವರ ಕಾಯಿಯಿರುವ ನಗರಕ್ಕೆ ನೇರವಾಗಿ ಕಾಯಿ ಇಡುವಂತಿಲ್ಲ. ಆದರೆ ಪಕ್ಕದಲ್ಲಿ ಬೇರೆ ನಗರ ಕಟ್ಟಿ, ಎರಡನ್ನೂ ಬೆಸೆಯಬಹುದು. ಹೆಚ್ಚು ಕಾಯಿಗಳುಳ್ಳವರಿಗೆ ಎಲ್ಲ ಅಂಕ. ಸಮನಾದರೆ ಇಬ್ಬರಿಗೂ ಪೂರ್ಣ ಅಂಕ. ಹೀಗೆ ಗೆಳೆಯರ ನಡುವೆ ಪೈಪೋಟಿಯೂ ಸಹಕಾರವೂ ಒಂದೇ ನಡೆಯಲ್ಲಿ ಸಾಧ್ಯವಾಗುವುದು ಈ ಆಟದ ದೊಡ್ಡ ಗುಣ.

ಮನ್ನಣೆ: 2001ರಲ್ಲಿ ಜರ್ಮನಿಯ ‘ಷ್ಪೀಲ್ ಡೆಸ್ ಯಾರೆಸ್’ (ವರ್ಷದ ಆಟ) ಪ್ರಶಸ್ತಿ ಪಡೆಯಿತು.