ಟ್ಯಾಪೆಟ್ ಕವರಿಗಿ ಕಲಾಯಿ

ನಮ್ಮ ಮನಿ ಮುಂದಿನ ಬೇವಿನ ಗಿಡದ ಕೆಳಗ ಒಂದು ಅಂಬಾಸಡರ್ ನಿಂತಿರ್ತಿತ್ತು. ಶಿರವಾಳದ ಹಳೇ ಗುಡಿ ನೋಡ್ಲಾಕ ಬಂದವರು ದಾರಿ ಕೇಳಿದ್ರ, ಊರ ಮಂದಿ "ಆ ಕಾರಿನ ಮನಿ ದಾಟಿ ಹೋಗ್ರಿ" ಅಂತಿದ್ರು. ಗುಡಿಗಳು ರಾಷ್ಟ್ರಕೂಟರು, ಚಾಲುಕ್ಯರ ಕಾಲದವು. ನಮ್ಮ ಕಾರು 1978ರದು. ಮಳಿಗಾಲದಾಗ ಎರಡೂ ಸೋರ್ತಿದ್ವು.

ಅಪ್ಪ ಅದನ್ನ 1989ರಾಗ ಯಾರೋ ಬಳಸಿ ಬಿಟ್ಟಿದ್ದನ್ನ ತಂದಿದ್ರು. ಪೆಟ್ರೋಲ್ ಗಾಡಿ, ಮಾರ್ಕ್ ಥ್ರೀ. ಯಾದಗಿರಿ ಆಗಿನ್ನೂ ಜಿಲ್ಲಾ ಆಗಿರಲಿಲ್ಲ, ದೊಡ್ಡ ಕೆಲಸ ಏನಿದ್ರೂ ಗುಲ್ಬರ್ಗಾಕ್ಕೇ ಹೋಗ್ಬೇಕಿತ್ತು. ಊರಾಗ ಯಾರಿಗಿ ಹಾವು ಕಡಿದ್ರೂ, ಯಾರಿಗಿ ಬ್ಯಾನಿ ಶುರುವಾದ್ರೂ ನಮ್ಮ ಬಾಗಿಲ ಬಡೀತಿದ್ರು. ಹಂಗಾಗಿ ಆ ಗಾಡಿ ಅರ್ಧ ನಮ್ಮದು, ಅರ್ಧ ಊರದು.

1994ರ ಮಳಿಗಾಲದಾಗ ನಮ್ಮ ಅಕ್ಕ ಚೊಚ್ಚಲ ಹೆರಿಗಿಗಿ ತವರಿಗಿ ಬಂದಿದ್ಳು. ನಡುರಾತ್ರಿ ಬ್ಯಾನಿ ಹಿಡೀತು. ಅಪ್ಪ ಗಾಡಿ ತೆಗೆದ್ರು, ಅವ್ವ ಅಕ್ಕನ ತಲಿ ತೊಡಿಮ್ಯಾಲ ಇಟ್ಕೊಂಡು ಹಿಂದ ಕೂತ್ಳು, ನಾ ಮುಂದ ಕೂತೆ. ಶಹಾಪುರದ ಅರ್ಧ ದಾರ್ಯಾಗ ಬಾನೆಟ್ಟಿನ ಸಂದಿಂದ ನೀಲಿ ಹೊಗಿ ಬರಲಾಕ ಹತ್ತಿತು. ಸುಟ್ಟ ಎಣ್ಣಿ ವಾಸನಿ ಗಾಡಿ ಒಳಗೆಲ್ಲಾ ತುಂಬಿ ಅಕ್ಕ ವಾಂತಿ ಮಾಡ್ಕೊಂಡ್ಳು. ಅಪ್ಪ ನಿಲ್ಲಿಸಿ, ಬಾನೆಟ್ ಎತ್ತಿ, ಹೆಗಲ ಮ್ಯಾಲಿನ ಟವೆಲ್ಲಿಂದ ಏನೋ ಒರಸಿದ್ರು. ನಾ ಬ್ಯಾಟರಿ ಹಿಡಿದಿದ್ದೆ. ಇಂಜಿನ್ನಿನ ತಲಿಮ್ಯಾಲಿನ ತಗಡಿನ ಮುಚ್ಚಳದಿಂದ ಎಣ್ಣಿ ಇಳಿದು ಕೆಂಡದಂಗ ಕಾದ ಸೈಲೆನ್ಸರ್ ಕೊಳವಿಮ್ಯಾಲ ಬೀಳ್ತಿತ್ತು. ದವಾಖಾನಿ ಮುಟ್ಟಿದ್ವಿ, ಬೆಳಗಿನ ಜಾವ ಕೂಸು ಹುಟ್ಟಿತು, ಎಲ್ಲಾ ಛಲೋ ಆಯ್ತು. ಮನಿಗಿ ಬಂದಮ್ಯಾಲ ಅವ್ವ ಅಂದ್ಳು: "ಇದನ್ನ ನೆಟ್ಟಗ ಮಾಡಿಸ್ರಿ, ಇಲ್ಲಾ ಮಾರ್ರಿ. ಕೂಸಿನ್ನ ಇದರಾಗ ನಾ ಕೂಡಿಸಂಗಿಲ್ಲ."

ಆ ಮುಚ್ಚಳಕ್ಕ ನಮ್ಮ ಕಡಿ ಮೇಸ್ತ್ರಿಗಳು ಟ್ಯಾಪೆಟ್ ಕವರ್ ಅಂತಾರ. ಅಂಬಾಸಡರ್ ಹುಟ್ಟಿದಾಗ ಅದರ ತಲಿಮ್ಯಾಲ ಈ ಮುಚ್ಚಳ ಇರಲೇ ಇಲ್ಲ, ಇದು ಭಾಳ ಮಂದಿಗಿ ಗೊತ್ತಿಲ್ಲ. ಹಿಂದೂಸ್ತಾನ್ ಮೋಟರ್ಸ್ ಕಂಪನಿ 1942ರಾಗ ಗುಜರಾತಿನ ಓಖಾದಾಗ ಶುರುವಾಗಿ, ಆಮ್ಯಾಲ ಬಂಗಾಲದ ಉತ್ತರಪಾಡಾಕ್ಕ ಹೋಯ್ತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಾಗ 1950ರ ದಶಕದ ಕಡೀಗಿ ಅಂಬಾಸಡರ್ ಬಂತು. ಮೊದಲಿನ ಗಾಡಿಗಳ ಇಂಜಿನ್ 1476 ಸಿ.ಸಿ.ದು, ಸೈಡ್ ವಾಲ್ವ್. ಅಂದ್ರ ಗಾಳಿ-ಪೆಟ್ರೋಲ್ ಒಳಗ ಬಿಡೋ, ಹೊಗಿ ಹೊರಗ ಹಾಕೋ ವಾಲ್ವುಗಳು ಸಿಲಿಂಡರಿನ ಬಾಜೂಕ ಇರ್ತಿದ್ವು. ಮ್ಯಾಲ ಬರೇ ಗಟ್ಟಿ ಹೆಡ್ಡು, ಸೋರಲಾಕ ಅಲ್ಲೇನಿಲ್ಲ. 1959ರಾಗ ಅದನ್ನ ತೆಗೆದು 1489 ಸಿ.ಸಿ.ಯ ಬಿ-ಸೀರೀಸ್ ಇಂಜಿನ್ ಹಾಕಿದ್ರು. ಅದರಾಗ ವಾಲ್ವು ತಲಿಮ್ಯಾಲ ಬಂದ್ವು. ಅವನ್ನ ಒತ್ತೋ ರಾಕರ್‌ಗಳು ಬಯಲಾಗ ಕುಣೀತಾವ, ಅವಕ್ಕ ಎಣ್ಣಿ ಬೇಕು, ಎಣ್ಣಿ ಸಿಡೀಬಾರದು. ಅದಕ್ಕ ಮ್ಯಾಲೊಂದು ತಗಡಿನ ಟೋಪಿ. ಇಂಗ್ಲೆಂಡಿನಾಗ ಇದೇ ಇಂಜಿನ್ನು ಎಂ.ಜಿ.ಎ. ಅನ್ನೋ ಓಟದ ಕಾರಿನಾಗೂ ಇತ್ತು. ನಮ್ಮ ಶಿರವಾಳದ ಗಾಡಿಗಿ ಅಂಥ ಬೀಗರು ಇದ್ರು ಅಂತ ಅಪ್ಪಗ ಹೇಳಿದ್ರ ನಗ್ತಿದ್ರು.

ಟೋಪಿ ಎರಡೇ ನಟ್ಟಿನ ಮ್ಯಾಲ ನಿಂತಿರ್ತದ. ನಟ್ಟಿನ ಕೆಳಗ ರಬ್ಬರ್ ಬಿಲ್ಲಿ, ಟೋಪಿ ಅಂಚಿಗಿ ಕಾರ್ಕಿನ ಪ್ಯಾಕಿಂಗ್. ಇದರ ಬ್ಯಾನಿ ಎಲ್ಲಾ ಈ ಮೂರು ಸಾಮಾನಿನಾಗೇ. ಸೋರ್ತದ ಅಂತ ಯಾರೋ ನಟ್ಟು ಬಿಗಿ ಮಾಡ್ತಾರ, ತಗಡು ನಡುವ ಕುಸೀತದ, ಅಂಚು ಮ್ಯಾಲಕ್ಕ ಏಳ್ತದ, ಇನ್ನಷ್ಟು ಸೋರ್ತದ, ಮತ್ತ ಬಿಗಿ ಮಾಡ್ತಾರ. ನಮ್ಮದಕ್ಕೂ ಹಂಗೇ ಆಗಿತ್ತು. ಮ್ಯಾಲ ಬಾನೆಟ್ಟಿನ ಸಂದಿಂದ ಇಳಿದ ಮಳಿನೀರು ನಟ್ಟಿನ ಸುತ್ತಿನ ತಗ್ಗಿನಾಗ ನಿಂತು ಜಂಗು ಹಿಡಿದಿತ್ತು. ಒಳಗಿಂದೂ ಜಂಗು ಬರ್ತದ. ಊರಿಂದ ಬಸ್ ಸ್ಟ್ಯಾಂಡಿಗಿ, ಸ್ಟ್ಯಾಂಡಿಂದ ಮನಿಗಿ ಅಂತ ಗಾಡಿ ಸ್ವಲ್ಪೇ ಓಡಿದ್ರ ಇಂಜಿನ್ ಪೂರಾ ಕಾಯಂಗಿಲ್ಲ. ಒಳಗಿನ ಹಬಿ ಮುಚ್ಚಳದ ತಣ್ಣನ ತಗಡಿಗಿ ಹನಿಯಾಗಿ ಕೂಡ್ತದ. ಎಣ್ಣಿ ಹಾಕೋ ಬಿರಡಿ ತೆಗೆದ್ರ ಕೆಳಗ ಬೆಣ್ಣಿಯಂಥ ಬಿಳೀ ಪದರ ಕಾಣ್ತದಲ್ಲ, ಅದು ಎಣ್ಣಿ ಜೋಡಿ ಕೂಡಿದ ಈ ನೀರೇ.

ಅಪ್ಪ ಮೊದಲು ಪ್ಯಾಟಿಗಿ ಒಯ್ದು ಒಬ್ಬ ಮೇಸ್ತ್ರಿಗಿ ತೋರಿಸಿದ್ರು. ಅವರು ಜಂಗಿನ ಮ್ಯಾಲೇ ಒಂದು ಕರೀ ಮುಲಾಮು ಬಳಿದು, ನಟ್ಟು ಬಿಗಿದು ಕಳಿಸಿದ್ರು. ಹದಿನೈದು ದಿನಕ್ಕ ಮುಲಾಮು ಚಕ್ಕಿ ಚಕ್ಕಿ ಎದ್ದು ಬಂತು. ಹೊಸಾದು ಹಾಕ್ಲಾಕ ಅದೇ ಅಳತಿದು ಸಿಗಲಿಲ್ಲ. ಗ್ಯಾಸ್ ವೆಲ್ಡಿಂಗ್ ಹಿಡಿದ್ರ ತೆಳು ತಗಡು ಸುಟ್ಟು ತೂತು ದೊಡ್ಡದಾಗ್ತದ ಅಂತ ವೆಲ್ಡಿಂಗಿನವರೇ ಅಂದ್ರು.

ಆಗ ನಮ್ಮ ಓಣಿಗಿ ಕಲಾಯಿ ಚಾಚಾ ಬಂದ್ರು. ವರ್ಷಕ್ಕ ಒಂದೆರಡು ಸಲ ಬರ್ತಿದ್ರು, ತಾಮ್ರ-ಹಿತ್ತಾಳಿ ಹಂಡೆ, ಬೋಗುಣಿ, ಸೌಟಿಗಿ ಕಲಾಯಿ ಹಾಕ್ಲಾಕ. ಸ್ಟೀಲ್ ಭಾಂಡಿ ಬಂದಮ್ಯಾಲ ಅವರ ಧಂದೆ ಅರ್ಧಕ್ಕ ಇಳಿದಿತ್ತು. ಅವ್ವ ಬೋಗುಣಿ ಕೊಡ್ಲಾಕ ಹೋದಾಕಿ, ಕೈಯಾಗ ಆ ಟೋಪೀನೂ ಒಯ್ದು ಕೇಳಿದ್ಳು: "ಚಾಚಾ, ಕಬ್ಬಿಣಕ್ಕ ಕಲಾಯಿ ಹಿಡೀತದನ್ರಿ?"

"ಯಾಕ ಹಿಡಿಯಂಗಿಲ್ಲವ್ವಾ. ಡಾಲ್ಡಾ ಡಬ್ಬಿ ಏನದು? ಕಬ್ಬಿಣದ ತಗಡಿಗಿ ಕಲಾಯೇ. ಖರೆ, ಜಂಗಿನ ಮ್ಯಾಲ ಹಿಡಿಯಂಗಿಲ್ಲ. ಬೆಳ್ಳಿಯಂಗ ತಿಕ್ಕಿ ಕೊಡ್ರಿ."

ತಿಕ್ಕೋ ಕೆಲಸ ನನಗ ಬಿತ್ತು. ಚಿಮಣಿ ಎಣ್ಣ್ಯಾಗ ರಾತ್ರಿಯಿಡೀ ನೆನಿಸಿ, ತಂತಿ ಬ್ರಶ್ಶಿನಿಂದ, ಆಮ್ಯಾಲ ಉಸುಕಿನ ಕಾಗದದಿಂದ ತಿಕ್ಕಿದೆ. ತೂತು ಎಲ್ಲೆಲ್ಲಿ ಅವ ಅಂತ ಹುಡುಕ್ಲಾಕ ಅಪ್ಪ ಒಂದು ಉಪಾಯ ಮಾಡಿದ್ರು. ಹೊರಗ ತೆಳ್ಳಗ ಸುಣ್ಣ ಹಚ್ಚಿ ಒಣಗಿಸಿ, ಒಳಗ ಚಿಮಣಿ ಎಣ್ಣಿ ಸವರಿದ್ರು. ಚಿಮಣಿ ಎಣ್ಣಿ ಕೂದಲಷ್ಟು ಸಂದಿದ್ರೂ ತೂರಿ ಹೋಗ್ತದ. ಗಳಿಗಿ ಹೊತ್ತಿನಾಗ ಬಿಳೀ ಸುಣ್ಣದ ಮ್ಯಾಲ ಕಪ್ಪನ ಚುಕ್ಕಿ ಎದ್ವು. ಕಣ್ಣಿಗಿ ಕಂಡಿದ್ವು ಎರಡು, ಸುಣ್ಣ ತೋರಿಸಿದ್ವು ಒಂಬತ್ತು.

ಚಾಚಾ ನೆಲದಾಗ ತಗ್ಗು ತೆಗೆದು, ಇದ್ದಲಿ ಹಾಕಿ ತಿದಿ ಒತ್ತಿದ್ರು. ತೂತಿನ ಜಾಗಾಕ್ಕ ತೇಜಾಬು ಮುಟ್ಟಿಸಿ ತೊಳೆದು, ಟೋಪಿ ಕಾಸಿ, ನವಸಾಗರದ ಪುಡಿ ಉದುರಿಸಿದ್ರು. ಬಿಳೀ ಹೊಗಿ ಎದ್ದು ಮೂಗು ಸುಟ್ಟಂಗಾಯ್ತು. ತವರದ ಕಡ್ಡಿ ಮುಟ್ಟಿಸಿದ ಕೂಡಲೇ ಅದು ನೀರಾಗಿ ಹರೀತು, ಹತ್ತಿಯಿಂದ ಒರೆಸಿದ್ರು. ಸಣ್ಣ ತೂತು ಅಲ್ಲಿಗೇ ಮುಚ್ಚಿದ್ವು. ನಟ್ಟಿನ ಹತ್ತಿರದ ದೊಡ್ಡ ತೂತಿಗಿ ಡಬ್ಬಿ ತಗಡಿನ ತುಂಡು ಕತ್ತರಿಸಿ ಕೂಡಿಸಿದ್ರು. ಒಳಗ ಹಚ್ಚಬೇಕಂತಿದ್ರು, ರಾಕರ್ ತಾಗ್ತದ ಅಂತ ಅಪ್ಪ ಹೊರಗಿಂದ ಹಚ್ಚಿಸಿದ್ರು. ತವರ 232 ಡಿಗ್ರಿಗಿ ಕರಗ್ತದ. ಇಂಜಿನ್ ಎಷ್ಟೇ ಕಾದ್ರೂ ಈ ಮುಚ್ಚಳ ಅಲ್ಲೀತನ ಹೋಗಂಗಿಲ್ಲ, ಹಂಗಾಗಿ ಅಂಜಿಕಿಲ್ಲ.

ಒಂದು ತಪ್ಪು ಮಾಡಿದ್ವಿ. ಕೊನಿಗಿ ನೀರಿಲೆ ತೊಳೀರಿ ಅಂತ ಚಾಚಾ ಹೇಳಿದ್ದನ್ನ, ಹೊಳಪು ನೋಡೋ ಖುಷ್ಯಾಗ ಮರೆತ್ವಿ. ನವಸಾಗರ ಉಪ್ಪಿನ ಜಾತಿ, ಗಾಳ್ಯಾಗಿನ ತಂಪು ಎಳ್ಕೊಂಡು ಕಬ್ಬಿಣ ತಿಂತದ. ನಾಕು ದಿನಕ್ಕ ತೇಪಿ ಸುತ್ತ ಕೆಂಪು ಗೆರಿ ಎದ್ದಿತ್ತು. ಬಿಸಿನೀರು, ಸೋಡಾದಾಗ ತೊಳೆದು, ಮತ್ತ ತಿಕ್ಕಿ, ಹೊರಗ ಬಣ್ಣ ಹೊಡೆದ್ವಿ. ಬಣ್ಣ ಬೇಕೇ ಬೇಕು. ಕಲಾಯಿ ಎಲ್ಲಿ ಗೀರ್ತದ, ಅಲ್ಲಿ ಕಬ್ಬಿಣ ಮೊದಲಿಗಿಂತ ಲಗೂ ಜಂಗು ಹಿಡೀತದ.

ಅಂಚನ್ನ ಅಪ್ಪ ಗೂಡಿನ ಕಡಪಾ ಕಲ್ಲಿನ ಮ್ಯಾಲ ಬೋರಲು ಇಟ್ಟು, ಎಲ್ಲೆಲ್ಲಿ ಬೆಳಕು ಕಾಣ್ತದೋ ಅಲ್ಲಿ ಕಟ್ಟಿಗಿ ಕೊಡತಿಯಿಂದ ಮೆಲ್ಲಕ ಬಡಿದ್ರು. ಪ್ಯಾಕಿಂಗ್ ಹೊಸಾದು ಗುಲ್ಬರ್ಗಾದಾಗ ಸಿಕ್ಕಿತ್ತು, ಖರೆ ಅಂಗಡ್ಯಾಗ ವರ್ಷಗಟ್ಟಲೆ ಒಣಗಿ ಗಿಡ್ಡ ಆಗಿತ್ತು. ಎಳೆದ್ರ ಹರೀತದ. ಅವ್ವ ಅದನ್ನ ಪರಾತದ ನೀರಿನಾಗ ರಾತ್ರಿ ನೆನಿಸಿಟ್ಟಳು, ಬೆಳಗಾದ್ರ ಸರೀ ಅಳತಿಗಿ ಬಂದಿತ್ತು. ಕಾರ್ಕು ಅಂದ್ರ ಗಿಡದ ತೊಗಟಿ. ಹೆಚ್ಚಿನದು ಪೋರ್ಚುಗಲ್ ದೇಶದ್ದು. ಅಲ್ಲಿ ಒಮ್ಮೆ ಸುಲಿದ ಗಿಡಾನ ಒಂಬತ್ತು ವರ್ಷ ಮತ್ತ ಮುಟ್ಟಂಗಿಲ್ಲ. ಟೋಪಿ ಕಡಿ ಶೆಲಾಕ್ ಹಚ್ಚಿ ಅಂಟಿಸಿದ್ವಿ, ಇಂಜಿನ್ ಕಡಿ ಬರೇ ಗ್ರೀಸು, ಮುಂದ ವಾಲ್ವ್ ಸೆಟ್ಟಿಂಗಿಗಿ ಬಿಚ್ಚಿದಾಗ ಪ್ಯಾಕಿಂಗ್ ಹರೀಬಾರದು ಅಂತ. ರಬ್ಬರ್ ಬಿಲ್ಲಿ ಹೊಸಾವು. ನಟ್ಟು, ಪಾನಾಕ್ಕ ಉದ್ದ ಕೋಲು ಕೊಡದ, ಕೈ ಬಿಗಿಗಿ ಸಾಕು ಅನ್ನೋವಷ್ಟೇ.

ಕೂಸಿನ ಹೆಸರಿಡೋ ಕಾರ್ಯ ಆದಮ್ಯಾಲ ಅಕ್ಕ ಅದೇ ಗಾಡ್ಯಾಗ ಗಂಡನ ಮನಿಗಿ ಹೋದ್ಳು. ಅವ್ವ ಹಿಂದ ಕೂತು ಮೂಗು ಏರಿಸಿ ಏರಿಸಿ ವಾಸನಿ ನೋಡಿದ್ಳು, ಏನೂ ಅನ್ನಲಿಲ್ಲ.

ಉತ್ತರಪಾಡಾದಾಗ ಅಂಬಾಸಡರ್ ಕೆಲಸ 2014ರ ಮೇ ತಿಂಗಳಾಗ ನಿಂತಿತು. ಅದೇ ವರ್ಷ ನವೆಂಬರಿಗಿ ಗುಲ್ಬರ್ಗಾ ಕಲಬುರಗಿ ಆಯ್ತು. ನಮ್ಮ ಗಾಡಿ ಈಗ ತಗಡಿನ ಶೆಡ್ಡಿನಾಗ ಅದ, ತಿಂಗಳಿಗೊಮ್ಮೆ ಚಾಲೂ ಮಾಡಿ ಪೂರಾ ಕಾಯಿಸ್ತೀನಿ. ಕಲಾಯಿ ಗಟ್ಟಿ ಅದ. ಹಿಂದಿನ ಮೂಲ್ಯಾಗ ಮಾತ್ರ ಪ್ಯಾಕಿಂಗ್ ಸ್ವಲ್ಪ ಬೆವರ್ತದ, ಅಲ್ಲೊಂದು ಅರಿವಿ ಸಿಗಿಸಿಟ್ಟೀನಿ. ಚಾಚಾ ಬರೋದು ನಿಂತು ಭಾಳ ವರ್ಷ ಆಯ್ತು.