ಹಡಗು ಬಾಡಿಗೆಯ ಸಮರ: ಮುಂಬಯಿ–ಜಪಾನ್ ಮಾರ್ಗದ ಒಂದು ಅಧ್ಯಾಯ

ಪರದೇಶಕ್ಕೆ ಸರಕು ಕಳುಹಿಸುವ ವರ್ತಕನು ಹಡಗಿನ ಕಂಪನಿಯನ್ನು ಮೊದಲು ಕೇಳುವ ಪ್ರಶ್ನೆ ಒಂದೇ: ಟನ್ನಿಗೆ ಬಾಡಿಗೆ ಎಷ್ಟು? ಪ್ರಶ್ನೆ ಸರಳವಾದುದು, ಉತ್ತರ ಅಷ್ಟು ಸರಳವಲ್ಲ. ಹೇಳಿದ ದರವು ಯಾವ ಅಳತೆಯ ಮೇಲೆ, ಎಷ್ಟು ಕಾಲದವರೆಗೆ, ಯಾವ ಕಟ್ಟುಪಾಡಿಗೆ ಒಳಪಟ್ಟು ಎಂಬ ಮೂರು ಸಂಗತಿಗಳನ್ನರಿಯದೆ ಆ ಅಂಕಿಗೆ ಅರ್ಥವಿಲ್ಲ. ಇದಕ್ಕೆ ನಾವು ನೆಲೆಸಿರುವ ಈ ಮುಂಬಯಿಯ ಚರಿತ್ರೆಯಲ್ಲಿಯೇ ಉಜ್ವಲವಾದ ನಿದರ್ಶನವೊಂದುಂಟು.

ಮೊದಲು ಅಳತೆಯ ವಿಚಾರ. ತೂಕಕ್ಕೆ ಹಗುರವಾಗಿ ಸ್ಥಳವನ್ನು ಹೆಚ್ಚು ಆಕ್ರಮಿಸುವ ಸರಕಿಗೆ ಹಡಗಿನವರು ಗಾತ್ರವನ್ನು ನೋಡಿ ಬಾಡಿಗೆ ಕಟ್ಟುತ್ತಿದ್ದರು. 40 ಘನ ಅಡಿಯನ್ನು ಒಂದು ಟನ್ನೆಂದು ಎಣಿಸುವುದು ವಾಡಿಕೆ. ಅರಳೆಯನ್ನು ಯಂತ್ರದಲ್ಲಿ ಒತ್ತಿ ಬಿಗಿಯಾದ ಅಂಡಿಗೆಗಳನ್ನು ಕಟ್ಟುತ್ತಿದ್ದುದಕ್ಕೆ ಇದೂ ಒಂದು ಕಾರಣ. ನಮ್ಮ ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಕುಮಟೆಗೆ ಬಂದು, ಅಲ್ಲಿಂದ ಪತ್ತೇಮಾರಿಗಳಲ್ಲಿ ಮುಂಬಯಿಯನ್ನು ಸೇರುತ್ತಿತ್ತು. ಬೆಳೆದ ನೆಲದ ಹೆಸರು ಹಿಂದೆ ಸರಿದು, ಹಡಗೇರಿದ ಬಂದರಿನ ಹೆಸರೇ ನಿಂತು, ಆ ದೇಶೀ ಹತ್ತಿಯು ಲಿವರ್‌ಪೂಲಿನ ಪೇಟೆಯಲ್ಲಿಯೂ ‘ಕುಮಟಾ’ ಎಂದೇ ಪ್ರಸಿದ್ಧವಾಯಿತು. ಸಾಗಾಣಿಕೆಯ ಪ್ರಾಬಲ್ಯಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಇನ್ನು ಕಟ್ಟುಪಾಡಿನ ವಿಚಾರ. 1869ರಲ್ಲಿ ಸುಯೆಜ್ ಕಾಲುವೆ ತೆರೆದ ಮೇಲೆ ಉಗಿಹಡಗುಗಳು ಹೆಚ್ಚಿ, ಪೈಪೋಟಿಯಿಂದ ದರಗಳು ಕುಸಿದುವು. ಆಗ ಕಂಪನಿಗಳು ಒಂದುಗೂಡಿ ಏಕದರವನ್ನು ಗೊತ್ತುಮಾಡಿಕೊಂಡುವು. 1875ರ ಕಲಕತ್ತೆಯ ‘ಕಾನ್ಫರೆನ್ಸ್’ ಇಂಥ ಕೂಟಗಳಲ್ಲಿ ಮೊದಲನೆಯದೆಂದು ಗಣಿತವಾಗಿದೆ. ಎರಡು ವರ್ಷಗಳ ತರುವಾಯ ಕೂಟವು ಒಂದು ಹೊಸ ಉಪಾಯವನ್ನು ಹೂಡಿತು. ವರ್ತಕನು ಕೊಟ್ಟ ಬಾಡಿಗೆಯಲ್ಲಿ ಒಂದಂಶವನ್ನು ಹಿಂದಿರುಗಿಸುವುದಾಗಿ ಹೇಳಿ, ಅದನ್ನು ಕೆಲವು ತಿಂಗಳು ತಡೆದಿಟ್ಟುಕೊಳ್ಳುವುದು. ಅಷ್ಟರೊಳಗೆ ಅವನು ಹೊರಗಿನ ಹಡಗಿಗೆ ಸರಕು ಕೊಟ್ಟನೆಂದರೆ ಆ ಹಣವೆಲ್ಲ ಮುಳುಗಿತು! ಕ್ರಮ ತಪ್ಪದೆ ಹಡಗು ಹೊರಡಬೇಕಾದರೆ ದರ ಸ್ಥಿರವಾಗಿರಬೇಕೆಂಬುದು ಕೂಟದವರ ವಾದ. ಆ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ವರ್ತಕನ ಆಯ್ಕೆಯ ಸ್ವಾತಂತ್ರ್ಯವೇ ಅದಕ್ಕೆ ತೆತ್ತ ಬೆಲೆಯಾಯಿತು.

ಮುಂಬಯಿಯಿಂದ ಚೀನ, ಜಪಾನುಗಳಿಗೆ ಹೋಗುವ ಮಾರ್ಗದಲ್ಲಿ ಪಿ. ಅಂಡ್ ಓ. ಕಂಪನಿಯೂ ಅದರ ಜೊತೆಗೆ ಆಸ್ಟ್ರಿಯದ ಮತ್ತು ಇಟಲಿಯ ಕಂಪನಿಗಳೂ ಸೇರಿ ಹೀಗೆ ಏಕಸ್ವಾಮ್ಯವನ್ನು ಸ್ಥಾಪಿಸಿದ್ದುವು. ಇಲ್ಲಿಯ ಗಿರಣಿಗಳ ನೂಲೂ ನಮ್ಮ ರೈತರ ಅರಳೆಯೂ ಆ ದರಕ್ಕೆ ತಲೆಬಾಗಬೇಕಿತ್ತು. ಜಮ್ಷೆಟ್ಜಿ ಟಾಟಾ ಅವರು 1893ರಲ್ಲಿ ಜಪಾನಿಗೆ ಹೋಗಿ ನಿಪ್ಪೋನ್ ಯೂಸೆನ್ ಕೈಷ ಎಂಬ ಅಲ್ಲಿಯ ಹಡಗು ಕಂಪನಿಯ ನೆರವನ್ನು ಕೇಳಿದರು. ಟಾಟಾ ಅವರೂ ಸರಿಸಮನಾಗಿ ಹಡಗುಗಳನ್ನು ನಡೆಸಿ ನಷ್ಟದ ಹೊಣೆಯಲ್ಲಿ ಪಾಲುಗೊಳ್ಳಬೇಕೆಂದು ಜಪಾನೀಯರು ಷರತ್ತು ಹಾಕಿದರು. ಟಾಟಾ ಒಪ್ಪಿದರು, ‘ಆನಿ ಬ್ಯಾರೊ’ ಎಂಬ ಇಂಗ್ಲೆಂಡಿನ ಹಡಗನ್ನು ತಿಂಗಳಿಗೆ 1,050 ಪೌಂಡಿನಂತೆ ಗೊತ್ತುಮಾಡಿ, ಟನ್ನಿಗೆ 12 ರೂಪಾಯಿಯ ದರವನ್ನು ಸಾರಿದರು. ಅದು ಕೂಟದ ದರಕ್ಕಿಂತ ಬಹಳ ಕಡಿಮೆ.

ಕೂಟದ ಪ್ರತ್ಯುತ್ತರ ತಡವಾಗಲಿಲ್ಲ. ಅದು ತನ್ನ ದರವನ್ನು 2 ರೂಪಾಯಿಗೂ ಕೆಳಕ್ಕೆ ಇಳಿಸಿತು. ಕೊನೆಗೆ ಜಪಾನಿಗೆ ಅರಳೆಯನ್ನು ಬಾಡಿಗೆಯಿಲ್ಲದೆ ಒಯ್ಯಲೂ ಸಿದ್ಧವಾಯಿತು. ಆದರೆ ಆ ಔದಾರ್ಯಕ್ಕೊಂದು ನಿಯಮವಿತ್ತು: ಟಾಟಾ ಅವರ ಅಥವಾ ಜಪಾನೀಯರ ಹಡಗುಗಳಿಗೆ ಸರಕು ಕೊಡುವುದಿಲ್ಲವೆಂದು ವರ್ತಕನು ಬರೆದುಕೊಡಬೇಕು. ಭಾರತದ ಬೊಕ್ಕಸದಿಂದ ಅಂಚೆ ಸಾಗಿಸುವುದಕ್ಕೆಂದು ಧನಸಹಾಯ ಪಡೆಯುವ ಕಂಪನಿಯೇ ಭಾರತದ ಹಡಗು ವ್ಯಾಪಾರವನ್ನು ಅಳಿಸಹೊರಟಿದೆಯೆಂದು ಟಾಟಾ ಅವರು ಕಿರುಹೊತ್ತಗೆಯನ್ನು ಪ್ರಕಟಿಸಿ ಪ್ರತಿಭಟಿಸಿದರು. ಫಲ ದೊರೆಯಲಿಲ್ಲ.

ಇಲ್ಲಿ ನಾವು ಗಮನಿಸಬೇಕಾದ ಮರ್ಮವೊಂದಿದೆ. ಜಪಾನಿನ ನೂಲುಗಾರರ ಸಂಘವು ತನ್ನ ಅರಳೆಯನ್ನೆಲ್ಲ ಸ್ವದೇಶದ ಹಡಗುಗಳಲ್ಲಿಯೇ ತರಿಸುವುದಾಗಿ ಕರಾರು ಮಾಡಿಕೊಂಡಿತ್ತು. ಇಂದಿನ ಅಗ್ಗದ ದರಕ್ಕೆ ಅದು ಮರುಳಾಗಲಿಲ್ಲ. ಮುಂಬಯಿಯ ವರ್ತಕರಲ್ಲಾದರೋ ಹಲವರು ಆ ದಿನದ ಲಾಭವನ್ನೆಣಿಸಿ ಟಾಟಾ ಅವರನ್ನು ಕೈಬಿಟ್ಟರು. ಒಂದು ಲಕ್ಷ ರೂಪಾಯಿಗೂ ಮೀರಿದ ನಷ್ಟದೊಡನೆ ಟಾಟಾ ಹಡಗು ಮಾರ್ಗವು ಮುಚ್ಚಿಹೋಯಿತು. ಪ್ರತಿಸ್ಪರ್ಧಿ ಮರೆಯಾದೊಡನೆ ದರವು ಮತ್ತೆ ಮೇಲೇರಿತು. ಜಪಾನೀ ಕಂಪನಿಗಾದರೆ ಕೆಲವು ವರ್ಷಗಳಲ್ಲಿಯೇ ಆ ಕೂಟದೊಳಗೇ ಆಸನ ದೊರೆಯಿತು. ಹಡಗುಗಳ ಬಲಕ್ಕಿಂತಲೂ ಸರಕಿನೊಡೆಯರ ಒಗ್ಗಟ್ಟು ಇಲ್ಲಿ ನಿರ್ಣಾಯಕವಾಯಿತೆಂದು ನನ್ನ ಅಭಿಪ್ರಾಯ. ಪರಕೀಯರ ಪ್ರಾಬಲ್ಯವನ್ನಷ್ಟೇ ದೂರಿ ನಮ್ಮವರ ದೌರ್ಬಲ್ಯವನ್ನು ಮರೆಮಾಚುವುದು ಚರಿತ್ರೆಕಾರನಿಗೆ ತಕ್ಕುದಲ್ಲ. 1919ರಲ್ಲಿ ಸಿಂಧಿಯಾ ಕಂಪನಿಯ ‘ಲಾಯಲ್ಟಿ’ ಹಡಗು ಮುಂಬಯಿಯಿಂದ ಲಂಡನ್ನಿಗೆ ಹೊರಟಾಗ ಅದೇ ಸಮರವು ಬೇರೊಂದು ರೂಪದಲ್ಲಿ ಮರುಕಳಿಸಿತು.

ಇಂದು ಅಂಡಿಗೆಗಳ ಸ್ಥಾನದಲ್ಲಿ ಕಂಟೇನರುಗಳು ಬಂದಿವೆ. 1989ರಲ್ಲಿ ಆರಂಭವಾದ ನ್ಹಾವಾ ಶೇವಾ ಬಂದರು ಮುಂಬಯಿಯ ಹಳೆಯ ಗೋದಿಗಳ ಬಹುಪಾಲು ಕೆಲಸವನ್ನು ತನ್ನೆಡೆಗೆ ಸೆಳೆದುಕೊಂಡಿದೆ. ಇಂಥ ಕೂಟಗಳಿಗಿದ್ದ ಕಾನೂನಿನ ವಿನಾಯಿತಿಯನ್ನು ಯುರೋಪಿನ ಒಕ್ಕೂಟವು 2008ರಲ್ಲಿ ಕೊನೆಗಾಣಿಸಿತು. ಆದರೂ ದರಪಟ್ಟಿಯಲ್ಲಿ ಮೂಲ ಬಾಡಿಗೆಯ ಕೆಳಗೆ ಇಂಧನದ ಹೆಚ್ಚುವರಿ, ಬಂದರಿನ ನಿರ್ವಹಣೆ ಮೊದಲಾದ ಬಾಬುಗಳು ಸಾಲಾಗಿ ನಿಲ್ಲುತ್ತವೆ. ದರದ ಅವಧಿಯೂ ಅಲ್ಲಿಯೇ ನಮೂದಾಗಿರುತ್ತದೆ. ಅಂಕಿಯನ್ನು ಓದುವವನು ಅದರ ಕೆಳಗಿನ ಸಾಲುಗಳನ್ನೂ ಓದಬೇಕು. ಬಾಡಿಗೆಯಿಲ್ಲದೆ ಹೋದ ಆ ಅರಳೆಯ ಬಾಡಿಗೆಯನ್ನು ಮುಂಬಯಿ ಮುಂದೆ ಬಹುಕಾಲ ತೆರುತ್ತಲೇ ಇದ್ದಿತು.