ಅಗ್ಗದ ಚಾರಣ: ಹೊರೆ ಯಾರ ಬೆನ್ನಿಗೆ?

ಬೇಸಿಗೆ ರಜೆ ಹತ್ತಿರವಾಗುತ್ತಿದ್ದಂತೆ ಹಿಮಾಲಯಕ್ಕೆ ಹೊರಡುವವರ ಕೈಯಲ್ಲಿ ದರಪಟ್ಟಿಗಳು ಓಡಾಡತೊಡಗುತ್ತವೆ. ಕಣಿವೆ ಒಂದೇ, ಏರಬೇಕಾದ ಎತ್ತರವೂ ಒಂದೇ. ದರ ಮಾತ್ರ ಎರಡು ಮೂರು ಬಗೆ. ಒಬ್ಬ ಸಂಘಟಕ ಕೇಳುವ ಹಣಕ್ಕಿಂತ ಎಷ್ಟೋ ಕಡಿಮೆಗೆ ಮತ್ತೊಬ್ಬ ಕರೆದೊಯ್ಯಲು ಸಿದ್ಧ. ಸಂಬಳದ ಲೆಕ್ಕದಲ್ಲಿ ಬದುಕುವವರು, ಕಾಲೇಜು ವಿದ್ಯಾರ್ಥಿಗಳು ಸಹಜವಾಗಿಯೇ ಕಡಿಮೆ ದರದತ್ತ ವಾಲುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಹಣ ಉಳಿದದ್ದು ಎಲ್ಲಿ? ಹೊತ್ತೊಯ್ಯುವ ಸಾಮಾನು ಕಡಿಮೆಯಾಯಿತೇ, ಹೊರುವವನ ಕೂಲಿ ಕಡಿಮೆಯಾಯಿತೇ, ಇಲ್ಲವೇ ನಡೆಯುವ ದಿನಗಳೇ ಕಡಿಮೆಯಾದವೇ? ಮೂರೂ ಒಂದೇ ಅಲ್ಲ. ಹಿಮಾಲಯದಲ್ಲಿ ಸ್ಥಳೀಯರ ನೆರವಿನಿಂದ ಎತ್ತರಕ್ಕೆ ಏರುವ ಪದ್ಧತಿಗೆ ನೂರು ವರ್ಷ ಮೀರಿದ ಇತಿಹಾಸವಿದೆ. ಆ ಇತಿಹಾಸವನ್ನು ತಿರುವಿ ನೋಡಿದರೆ ಅಗ್ಗದಲ್ಲೂ ಎರಡು ಬಗೆ ಇರುವುದು ಸ್ಪಷ್ಟವಾಗುತ್ತದೆ.

ಡಾರ್ಜಿಲಿಂಗ್‌ನ ಹೊರೆಯಾಳುಗಳು

ನೇಪಾಳದ ಸೋಲು–ಖುಂಬು ಪ್ರದೇಶದ ಶೆರ್ಪಾಗಳು ಕೂಲಿ ಅರಸಿ ಡಾರ್ಜಿಲಿಂಗ್‌ಗೆ ವಲಸೆ ಬಂದವರು. ಪರ್ವತ ಹತ್ತುವುದು ಅವರ ಕುಲಕಸುಬೇನೂ ಆಗಿರಲಿಲ್ಲ. ಅವರ ಸಾಮರ್ಥ್ಯವನ್ನು ಮೊದಲು ಗುರುತಿಸಿದವರಲ್ಲಿ ಪ್ರಮುಖರು ಸ್ಕಾಟ್ಲೆಂಡಿನ ರಸಾಯನ ವಿಜ್ಞಾನಿ ಅಲೆಕ್ಸಾಂಡರ್ ಕೆಲ್ಲಾಸ್. 1907ರಲ್ಲಿ ಸಿಕ್ಕಿಂಗೆ ಬಂದಾಗ ಅವರು ಜೊತೆಗೆ ಕರೆತಂದದ್ದು ಸ್ವಿಟ್ಜರ್ಲೆಂಡಿನ ಮಾರ್ಗದರ್ಶಕರನ್ನು. ಮುಂದಿನ ಪ್ರವಾಸಗಳಲ್ಲಿ ಅವರನ್ನು ಬಿಟ್ಟು ಸ್ಥಳೀಯರನ್ನೇ ನೆಚ್ಚಿದರು. ಎತ್ತರದ ತೆಳುಗಾಳಿಯಲ್ಲಿ ಇವರು ದುಡಿಯುವ ಪರಿ ಕಂಡು ಬೆರಗಾಗಿ ಅದನ್ನು ಬರೆದರು. 1921ರಲ್ಲಿ ಎವರೆಸ್ಟ್ ದಾರಿ ಹುಡುಕಲು ಹೊರಟ ಮೊದಲ ಬ್ರಿಟಿಷ್ ತಂಡದಲ್ಲಿ ಕೆಲ್ಲಾಸ್ ಇದ್ದರು. ಟಿಬೆಟ್ಟಿನ ಹಾದಿಯಲ್ಲೇ ತೀರಿಕೊಂಡರು.

ಮರುವರ್ಷದ ತಂಡ ಈ ವ್ಯವಸ್ಥೆಯ ಇನ್ನೊಂದು ಮುಖವನ್ನು ತೋರಿಸಿತು. 1922ರ ಜೂನ್ 7ರಂದು ಎವರೆಸ್ಟ್‌ನ ಉತ್ತರ ಕಣಿವೆಯ ಕೆಳಗಿನ ಇಳಿಜಾರಿನಲ್ಲಿ ಹಿಮ ಕುಸಿದು 7 ಮಂದಿ ಹೊರೆಯಾಳುಗಳು ಸತ್ತರು. ಸಾಹೇಬರೆಲ್ಲ ಉಳಿದುಕೊಂಡರು. ತಮ್ಮಲ್ಲಿ ಒಬ್ಬರಾದರೂ ಆ ಸಾವಿನಲ್ಲಿ ಪಾಲುದಾರರಾಗಲಿಲ್ಲವಲ್ಲ ಎಂಬ ಕೊರಗನ್ನು ತಂಡದ ಸದಸ್ಯ, ಶಸ್ತ್ರವೈದ್ಯ ಹೊವಾರ್ಡ್ ಸಾಮರ್‌ವೆಲ್ ತಮ್ಮ ಪುಸ್ತಕದಲ್ಲಿ ತೋಡಿಕೊಂಡಿದ್ದಾರೆ. ಇದೇ ಸಾಮರ್‌ವೆಲ್ ಮುಂದೆ ಇಂಗ್ಲೆಂಡಿನ ವೃತ್ತಿಯ ಆಸೆ ಬಿಟ್ಟು ದಕ್ಷಿಣ ತಿರುವಾಂಕೂರಿನ ನೆಯ್ಯೂರಿನ ಮಿಷನ್ ಆಸ್ಪತ್ರೆಯಲ್ಲಿ ದಶಕಗಳ ಕಾಲ ದುಡಿದರು.

1928ರಲ್ಲಿ ಸ್ಥಾಪನೆಯಾದ ಹಿಮಾಲಯನ್ ಕ್ಲಬ್ ಡಾರ್ಜಿಲಿಂಗ್‌ನಲ್ಲಿ ಹೊರೆಯಾಳುಗಳ ನೇಮಕಕ್ಕೆ ಒಂದು ಕ್ರಮ ತಂದಿತು. ಪ್ರತಿಯೊಬ್ಬನಿಗೂ ಒಂದು ಕಿರುಪುಸ್ತಕ. ಅದರಲ್ಲಿ ಅವನು ಹೋಗಿಬಂದ ಯಾತ್ರೆಗಳ ವಿವರ ಮತ್ತು ಸಾಹೇಬರ ಷರಾ. ಓದು ಬಾರದವನ ಮುಂದಿನ ಕೂಲಿ ಆ ಷರಾವನ್ನೇ ನೆಚ್ಚಿತ್ತು. ಅತಿ ಎತ್ತರಕ್ಕೆ ಹೊರೆ ಒಯ್ದ ಕೆಲವರಿಗೆ ಮುಂದೆ ‘ಟೈಗರ್’ ಎಂಬ ಬಿಲ್ಲೆಯೂ ದೊರೆಯತೊಡಗಿತು. 1938ರ ಎವರೆಸ್ಟ್ ಯಾತ್ರೆಯ ಬಳಿಕ ಅದನ್ನು ಪಡೆದವರಲ್ಲಿ ತರುಣ ತೇನ್‌ಸಿಂಗ್ ನೋರ್ಗೆ ಕೂಡ ಒಬ್ಬರು.

ಇಬ್ಬರು ಸಾಹೇಬರು, ಮೂವರು ಶೆರ್ಪಾಗಳು

ಅಂದಿನ ದೊಡ್ಡ ಯಾತ್ರೆಗಳೆಂದರೆ ದಂಡು ಹೊರಟಂತೆ. ನೂರಾರು ಕೂಲಿಗಳು, ಡಬ್ಬಿಗಟ್ಟಿದ ಯುರೋಪಿನ ಊಟ, ಮೇಜು ಕುರ್ಚಿ. ಇದಕ್ಕೆ ತೀರ ಭಿನ್ನವಾದ ಹಾದಿ ಹಿಡಿದವರು ಎರಿಕ್ ಶಿಪ್ಟನ್ ಮತ್ತು ಬಿಲ್ ಟಿಲ್ಮನ್. 1934ರಲ್ಲಿ ಗಢವಾಲದ ನಂದಾದೇವಿಯ ಒಳಕಣಿವೆಯನ್ನು ಹೊಗಲು ಹೊರಟಾಗ ಅವರ ಬಳಿ ಹಣವಿರಲಿಲ್ಲ. ಸರಕು ಸಾಗಣೆ ಹಡಗಿನಲ್ಲಿ ಬಂದರು. ಆಂಗ್ ಥಾರ್ಕೆ, ಪಾಸಾಂಗ್, ಕುಸಾಂಗ್ ಎಂಬ ಮೂವರು ಶೆರ್ಪಾಗಳನ್ನು ಜೊತೆಗೆ ಕರೆದುಕೊಂಡರು. ಸುತ್ತ ಕೋಟೆಯಂತೆ ನಿಂತ ಶಿಖರಗಳ ನಡುವೆ ಒಳಹೋಗಲು ಇದ್ದ ಒಂದೇ ಸಂದು ಋಷಿಗಂಗೆಯ ಕಡಿದಾದ ಕಮರಿ. ಅನೇಕರು ಸೋತು ಮರಳಿದ್ದ ಆ ದಾರಿಯಲ್ಲಿ ಈ ಐವರು ಒಳಹೊಕ್ಕರು.

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ನಮ್ಮ ಗಾದೆಯನ್ನು ಅವರು ಕೇಳಿರಲಿಕ್ಕಿಲ್ಲ. ಮಾಡಿದ್ದು ಮಾತ್ರ ಅದನ್ನೇ. ಶೆರ್ಪಾಗಳು ಉಣ್ಣುತ್ತಿದ್ದ ರೊಟ್ಟಿ, ಹುರಿಹಿಟ್ಟನ್ನೇ ತಾವೂ ಉಂಡರು. ಹೊರೆಯಲ್ಲಿ ತಮ್ಮ ಪಾಲನ್ನು ತಾವೇ ಹೊತ್ತರು. ಬದರಿನಾಥದ ಕಡೆಯಿಂದ ಕೇದಾರನಾಥದ ಕಡೆಗೆ ಮಳೆಗಾಲದಲ್ಲಿ ದಾಟುವಾಗ ಆಹಾರ ತೀರಿ, ಕಾಡಿನ ಕಳಲೆ ಕಿತ್ತು ಬೇಯಿಸಿಕೊಂಡರು. ಸುಮಾರು 5 ತಿಂಗಳ ಈ ಸಾಹಸಕ್ಕೆ, ಇಬ್ಬರ ಹಡಗಿನ ಪ್ರಯಾಣವೂ ಸೇರಿ, ತಗುಲಿದ ವೆಚ್ಚ 300 ಪೌಂಡಿಗಿಂತ ಕಡಿಮೆ. ಕಡಿಮೆ ಖರ್ಚಿನ ಚಾರಣಕ್ಕೆ ಇದು ಇಂದಿಗೂ ಮೇಲ್ಪಂಕ್ತಿ.

ಅದೇ ವರ್ಷದ ಜುಲೈಯಲ್ಲಿ ಕಾಶ್ಮೀರದ ನಂಗಾ ಪರ್ಬತದ ಮೇಲೆ ಜರ್ಮನಿಯ ದೊಡ್ಡ ತಂಡವೊಂದು ಬಿರುಗಾಳಿಗೆ ಸಿಕ್ಕಿತು. 3 ಮಂದಿ ಜರ್ಮನರು, 6 ಮಂದಿ ಹೊರೆಯಾಳುಗಳು ಸತ್ತರು. ಇಳಿದು ಬದುಕುವ ಅವಕಾಶವಿದ್ದರೂ ಗೇಲೆ ಎಂಬ ಶೆರ್ಪಾ ನಾಯಕ ವಿಲ್ಲಿ ಮೆರ್ಕ್ಲ್‌ನನ್ನು ಬಿಟ್ಟು ಬರಲಿಲ್ಲ. 1938ರಲ್ಲಿ ಇಬ್ಬರ ದೇಹಗಳೂ ಒಂದೇ ಕಡೆ ಸಿಕ್ಕವು.

ಆದರೂ ಶಿಪ್ಟನ್–ಟಿಲ್ಮನ್‌ರ ಲೆಕ್ಕದಲ್ಲಿ ಒಂದು ಮಾತು ಉಳಿಯುತ್ತದೆ. ಶೆರ್ಪಾಗಳ ದಿನಗೂಲಿ ಆಗ ಕೆಲವೇ ಆಣೆಗಳ ಮಾತಾಗಿತ್ತು. ಯಾತ್ರೆ ಅಗ್ಗವಾದದ್ದಕ್ಕೆ ಸಾಹೇಬರ ಸರಳತೆಯಷ್ಟೇ ಅಲ್ಲ, ಆ ಕೂಲಿಯೂ ಕಾರಣ.

ಚಾರಣಕ್ಕೆ ಬೆಲೆಚೀಟಿ

1953ರ ಮೇ 29ರಂದು ತೇನ್‌ಸಿಂಗ್ ಮತ್ತು ಹಿಲರಿ ಎವರೆಸ್ಟ್ ಏರಿದ ಮೇಲೆ ಹೊರೆಯಾಳು ಎಂಬ ಮಾತಿನ ಜಾಗಕ್ಕೆ ಗುರು ಎಂಬ ಮಾತು ಬಂತು. 1954ರಲ್ಲಿ ನೆಹರೂ ಅವರ ಆಸಕ್ತಿಯಿಂದ ಡಾರ್ಜಿಲಿಂಗ್‌ನಲ್ಲಿ ಹಿಮಾಲಯನ್ ಪರ್ವತಾರೋಹಣ ಸಂಸ್ಥೆ ಆರಂಭವಾಯಿತು. ಅದರ ಕ್ಷೇತ್ರ ತರಬೇತಿಯ ಹೊಣೆ ತೇನ್‌ಸಿಂಗ್‌ರದಾಯಿತು. 1965ರಲ್ಲಿ ಉತ್ತರಕಾಶಿಯಲ್ಲಿ ನೆಹರೂ ಹೆಸರಿನ ಇನ್ನೊಂದು ಸಂಸ್ಥೆ ತಲೆಯೆತ್ತಿತು. ಇಂಥ ಸಂಸ್ಥೆಗಳಲ್ಲಿ ಕಲಿತ ಎಷ್ಟೋ ಮಂದಿ ಮುಂದೆ ಚಾರಣಿಗರಿಗೆ ದಾರಿ ತೋರಿಸುವ ಕೆಲಸ ಹಿಡಿದರು.

ಶಿಖರ ಏರುವ ಹಟವಿಲ್ಲದ ಸಾಮಾನ್ಯರನ್ನು ಹಣ ಪಡೆದು ಕರೆದೊಯ್ಯುವ ಏರ್ಪಾಟು ಮಾಡಿದವರು ಗೂರ್ಖಾ ಪಡೆಯ ನಿವೃತ್ತ ಅಧಿಕಾರಿ ಜಿಮ್ಮಿ ರಾಬರ್ಟ್ಸ್. 1964ರಲ್ಲಿ ಅವರು ಕಠ್ಮಂಡುವಿನಲ್ಲಿ ‘ಮೌಂಟನ್ ಟ್ರಾವೆಲ್’ ಕಂಪನಿ ತೆರೆದರು. ಮರುವರ್ಷ ಅವರ ಮೊದಲ ಗಿರಾಕಿಗಳಾಗಿ ಬಂದವರು ಅಮೆರಿಕದ ಮೂವರು ಮಹಿಳೆಯರು. ಡೇರೆ, ಅಡುಗೆಯವರು, ಹೊರೆಯಾಳುಗಳು, ಅವರಿಗೆಲ್ಲ ಮೇಸ್ತ್ರಿಯಾಗಿ ಒಬ್ಬ ಸರ್ದಾರ: ಹಳೆಯ ಯಾತ್ರೆಗಳ ಇಡೀ ವ್ಯವಸ್ಥೆ ಈಗ ದಿನಕ್ಕಿಷ್ಟು ಎಂಬ ದರಕ್ಕೆ ಸಿಗತೊಡಗಿತು.

ಈ ದರವನ್ನು ಇಳಿಸಿದ್ದು ಎರಡು ಉಪಾಯಗಳು. ನೇಪಾಳದಲ್ಲಿ ದಾರಿಯ ಹಳ್ಳಿಗಳ ಮನೆಗಳೇ ಚಹಾದಂಗಡಿಗಳಾಗಿ, ವಸತಿಗೃಹಗಳಾಗಿ ಬೆಳೆದವು. ಡೇರೆ, ದಿನಸಿ ಹೊರುವ ಅಗತ್ಯ ತಪ್ಪಿತು. ಹಣ ಹಳ್ಳಿಯವರ ಕೈಸೇರಿತು. ಭಾರತದ ಎತ್ತರದ ದಾರಿಗಳಲ್ಲಿ ಅಂಥ ಹಳ್ಳಿಗಳು ವಿರಳ. ಇಲ್ಲಿ ಬಂದದ್ದು ‘ನಿಂತ ಡೇರೆ’ ಪದ್ಧತಿ. ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ ಆಫ್ ಇಂಡಿಯಾ ಹಿಮಾಚಲದ ಕಸೋಲ್‌ನಿಂದ ಸರ್ ಪಾಸ್‌ಗೆ ನಡೆಸುವ ಚಾರಣ ಇದಕ್ಕೆ ಒಳ್ಳೆಯ ಉದಾಹರಣೆ. ದಿನಕ್ಕೊಂದು ತಂಡ ಹೊರಡುತ್ತದೆ. ಇಂದು ಒಂದು ತಂಡ ಮಲಗೆದ್ದ ಡೇರೆಗೆ ನಾಳೆ ಇನ್ನೊಂದು ತಂಡ. ಡೇರೆ, ಪಾತ್ರೆ, ಅಡುಗೆಯವರು ಋತುವಿಡೀ ಅಲ್ಲಿಯೇ. ನಡೆಯುವವರು ತಮ್ಮ ಬಟ್ಟೆಬರೆಯ ಚೀಲವನ್ನು ತಾವೇ ಹೊರಬೇಕು. ವೆಚ್ಚ ನೂರಾರು ಜನರಲ್ಲಿ ಹಂಚಿಹೋಗುವುದರಿಂದ ದರ ಇಳಿಯುತ್ತದೆ. ಬೆಂಗಳೂರು, ಮೈಸೂರು, ಧಾರವಾಡದ ಎಷ್ಟೋ ಮಂದಿ ಜೀವಮಾನದಲ್ಲಿ ಮೊದಲ ಬಾರಿ ಹಿಮ ಮುಟ್ಟಿದ್ದು ಇಂಥ ಡೇರೆಗಳ ಬಲದಿಂದ.

ಇದಕ್ಕೂ ಒಂದು ಬೆಲೆ ಇತ್ತು. ಡೇರೆ ನಿಂತಲ್ಲಿ ಹುಲ್ಲು ಬೆಳೆಯುವುದಿಲ್ಲ. ಉತ್ತರಾಖಂಡದ ಬುಗ್ಯಾಲ್ ಎಂಬ ಎತ್ತರದ ಹುಲ್ಲುಗಾವಲುಗಳಲ್ಲಿ ಕಸ, ಶೌಚದ ಗುಂಡಿಗಳು ಹೆಚ್ಚಿದಾಗ 2018ರ ಆಗಸ್ಟ್‌ನಲ್ಲಿ ಆ ರಾಜ್ಯದ ಹೈಕೋರ್ಟ್ ಅಲ್ಲಿ ರಾತ್ರಿ ತಂಗುವುದನ್ನೇ ನಿಷೇಧಿಸಿತು. ಶಿಪ್ಟನ್ ತೆರೆದ ನಂದಾದೇವಿಯ ಒಳಕಣಿವೆಗಂತೂ ಅದಕ್ಕೂ ಮೊದಲೇ ಬಾಗಿಲು ಬಿದ್ದಿತ್ತು. 1982ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಗಿ, ಅದರ ಬೆನ್ನಿಗೇ ಚಾರಣಿಗರ ಪ್ರವೇಶ ನಿಂತಿತು.

ಕಡಿತಗೊಂಡ ದಿನಗಳು

ಖರ್ಚು ಇಳಿಸಲು ಎಲ್ಲಕ್ಕಿಂತ ಸುಲಭದ, ಎಲ್ಲಕ್ಕಿಂತ ಅಪಾಯದ ದಾರಿ ದಿನಗಳನ್ನು ಕಡಿಯುವುದು. ಒಂದು ದಿನದ ವಿಶ್ರಾಂತಿ ಎಂದರೆ ತಂಡಕ್ಕೆಲ್ಲ ಒಂದು ದಿನದ ಊಟ, ಕೂಲಿ, ಡೇರೆ. ಲೆಕ್ಕಪುಸ್ತಕಕ್ಕೆ ಅದು ದಂಡ. ಶರೀರಕ್ಕೆ ಅದೇ ಔಷಧ.

ಎತ್ತರ ಏರಿದಂತೆ ಗಾಳಿಯ ಒತ್ತಡ ಇಳಿಯುತ್ತದೆ. ಸುಮಾರು 5,500 ಮೀಟರಿನಲ್ಲಿ ಅದು ಸಮುದ್ರಮಟ್ಟದ ಅರ್ಧದಷ್ಟು. ಪ್ರತಿ ಉಸಿರಿಗೂ ಸಿಗುವ ಆಮ್ಲಜನಕ ಆ ಮಟ್ಟಿಗೆ ಕಡಿಮೆ. ಹೊಂದಿಕೊಳ್ಳಲು ದೇಹಕ್ಕೆ ಸಮಯ ಬೇಕು. ಸಿಗದಿದ್ದರೆ ತಲೆನೋವು, ವಾಕರಿಕೆ, ನಿದ್ರಾಹೀನತೆ. ಇನ್ನೂ ಏರಿದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು, ಮಿದುಳು ಬಾತುಕೊಳ್ಳಬಹುದು. ಎತ್ತರಕ್ಕೆ ಹೋದ 1,925 ಭಾರತೀಯ ಸೈನಿಕರಲ್ಲಿ ಕಂಡ ಈ ಕಾಯಿಲೆಯನ್ನು ಸೇನೆಯ ವೈದ್ಯರು 1969ರಲ್ಲಿ ವಿವರವಾಗಿ ವರದಿ ಮಾಡಿದರು. ಕಟ್ಟುಮಸ್ತಾದ ಮೈ ಇದ್ದ ಮಾತ್ರಕ್ಕೆ ಎತ್ತರದ ಕಾಯಿಲೆ ಬಿಡುವುದಿಲ್ಲ.

1964ರಲ್ಲಿ ಲುಕ್ಲಾದಲ್ಲಿ ವಿಮಾನಪಟ್ಟಿ ಆದ ಮೇಲೆ ಎವರೆಸ್ಟ್ ದಾರಿಯ ಹಲವು ದಿನಗಳ ನಡಿಗೆ ಉಳಿಯಿತು. ಪರಿಣಾಮವೇನೆಂಬುದನ್ನು ಪೀಟರ್ ಹ್ಯಾಕೆಟ್ ಮತ್ತು ಡ್ರಮಂಡ್ ರೆನ್ನಿ ಎಂಬ ವೈದ್ಯರು 1976ರಲ್ಲಿ ಪ್ರಕಟಿಸಿದರು. 4,243 ಮೀಟರ್ ಎತ್ತರದ ಫೆರಿಚೆಯಲ್ಲಿ ಅವರು ಪರೀಕ್ಷಿಸಿದ 278 ಚಾರಣಿಗರಲ್ಲಿ ಶೇ 53 ಮಂದಿಗೆ ಎತ್ತರದ ಕಾಯಿಲೆ ತಟ್ಟಿತ್ತು. ಅದರ ಪ್ರಮಾಣ ನಡೆದು ಬಂದವರಿಗಿಂತ ಹಾರಿ ಬಂದವರಲ್ಲಿ ಹೆಚ್ಚು. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಬಿಡುವು ಬೇಕು ಎಂದು ಇಂದು ವೈದ್ಯರು ಹೇಳುತ್ತಾರೆ.

ಹವಾಮಾನಕ್ಕೂ ಇದೇ ಮಾತು. ಕೆಟ್ಟ ಹವೆಯಲ್ಲಿ ನಿಂತು ಕಾಯಲು, ಬೇಕಾದರೆ ಹಿಂತಿರುಗಲು ಕೈಯಲ್ಲಿ ಒಂದೆರಡು ದಿನ ಮಿಗುತಾಯವಿರಬೇಕು. 2014ರ ಅಕ್ಟೋಬರ್‌ನಲ್ಲಿ ಅನ್ನಪೂರ್ಣ ಸುತ್ತಿನ ಥೊರಾಂಗ್ ಲಾ ಬಳಿ ಹಿಮಗಾಳಿ ಎರಗಿದಾಗ ಚಾರಣಿಗರು, ಮಾರ್ಗದರ್ಶಕರು, ಹೊರೆಯಾಳುಗಳು ಸೇರಿ ನಲವತ್ತಕ್ಕೂ ಹೆಚ್ಚು ಮಂದಿ ಸತ್ತರು. 2023ರ ಏಪ್ರಿಲ್‌ನಿಂದ ವಿದೇಶಿ ಚಾರಣಿಗರು ಮಾರ್ಗದರ್ಶಕರಿಲ್ಲದೆ ಹೋಗಕೂಡದೆಂದು ನೇಪಾಳ ನಿಯಮ ಮಾಡಿತು. ಆದರೆ ಮಾರ್ಗದರ್ಶಕ ಜೊತೆಗಿದ್ದ ಮಾತ್ರಕ್ಕೆ ಎಲ್ಲವೂ ಕ್ಷೇಮ ಎನ್ನಲಾಗದು. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ದಾರಿಯಲ್ಲಿ, ಬಹುಪಾಲು ಕರ್ನಾಟಕದವರೇ ಇದ್ದ, ಮಾರ್ಗದರ್ಶಕರೂ ಸೇರಿದ 22 ಮಂದಿಯ ತಂಡ ಹಿಮಗಾಳಿಗೆ ಸಿಲುಕಿತು. 9 ಮಂದಿ ಮರಳಲಿಲ್ಲ. ಅವರಲ್ಲಿ ಹಲವರು ಚಾರಣಕ್ಕೆ ಹೊಸಬರಲ್ಲ. ದೂರದ ಬೆಟ್ಟ ನುಣ್ಣಗೆ ಎಂಬ ಮಾತಿನ ಕಠೋರ ಅರ್ಥ ರಾಜ್ಯದ ಅನೇಕ ಮನೆಗಳಿಗೆ ಆ ವಾರ ತಟ್ಟಿತು.

ಹೊರೆಯಾಳಿಗೂ ಚಳಿಯಾಗುತ್ತದೆ

ಸತ್ತವರ ಪಟ್ಟಿಯಲ್ಲಿ ಕಾಣಿಸಿಕೊಳ್ಳದೆಯೇ ಸಾಯುವವರೂ ಇದ್ದಾರೆ. ಹೊರೆಯಾಳುಗಳೆಲ್ಲ ಶೆರ್ಪಾಗಳು, ಅವರಿಗೆ ಎತ್ತರ ಏನೂ ಮಾಡದು ಎಂಬ ತಪ್ಪು ಕಲ್ಪನೆ ಹಲವರಲ್ಲಿದೆ. ನೇಪಾಳದಲ್ಲಿ ಹೊರೆ ಹೊರುವವರಲ್ಲಿ ಹೆಚ್ಚಿನವರು ಕೆಳಗಿನ ಬೆಟ್ಟಸೀಮೆಯ ಬಡ ರೈತರು. ಬೆಂಗಳೂರಿನಿಂದ ಹೋದವರಂತೆ ಅವರಿಗೂ ಎತ್ತರದ ಕಾಯಿಲೆ ಬರುತ್ತದೆ. 1997ರಲ್ಲಿ ನೇಪಾಳದಲ್ಲಿ ಹೀಗೆ ಕಾಯಿಲೆ ಬಿದ್ದ ತರುಣನೊಬ್ಬನನ್ನು ಒಬ್ಬನೇ ಕೆಳಗಿಳಿದು ಹೋಗೆಂದು ಕಳಿಸಲಾಯಿತು. ಅವನು ದಾರಿಯಲ್ಲೇ ಸತ್ತ. ಆ ಸಾವಿನ ಬೆನ್ನಿಗೇ ಹೊರೆಯಾಳುಗಳ ರಕ್ಷಣೆಗೆಂದು ಒಂದು ಅಂತರರಾಷ್ಟ್ರೀಯ ಬಳಗ ಹುಟ್ಟಿಕೊಂಡಿತು. ಅದರ ಬೇಡಿಕೆಗಳು ತೀರ ಸರಳ: ಹೊರುವವನಿಗೂ ಬೆಚ್ಚನೆ ಬಟ್ಟೆ, ಗಟ್ಟಿ ಬೂಟು, ಮಲಗಲು ಸೂರು, ಮಿತವಾದ ಹೊರೆ, ಕಾಯಿಲೆ ಬಿದ್ದರೆ ಅತಿಥಿಗೆ ಸಿಗುವಷ್ಟೇ ಆರೈಕೆ.

ಹೀಗೆ ನೋಡಿದರೆ ಕಡಿಮೆ ದರವೇ ಅಪರಾಧವಲ್ಲ. ಸಾಮಾನು ಇಳಿಸಿ, ಸ್ಥಳೀಯ ಊಟ ಉಂಡು, ತನ್ನ ಚೀಲವನ್ನು ತಾನೇ ಹೊತ್ತು ಉಳಿಸಿದ ಹಣ ಚಾರಣಿಗನ ಸ್ವಂತ ಗಳಿಕೆ. ದಿನ ಕಡಿದು, ಕೂಲಿ ಕಡಿದು, ಇನ್ನೊಬ್ಬನ ಕಂಬಳಿ ಕಡಿದು ಉಳಿಸಿದ್ದು ಹಾಗಲ್ಲ. ಎರಡು ದರಪಟ್ಟಿಗಳನ್ನು ಮುಂದಿಟ್ಟುಕೊಂಡವರು ಹಣ ಕಟ್ಟುವ ಮೊದಲು ನಾಲ್ಕು ಪ್ರಶ್ನೆ ಕೇಳಬಹುದು. 3,000 ಮೀಟರಿನ ಮೇಲೆ ಎಷ್ಟು ರಾತ್ರಿ, ಬಿಡುವಿನ ದಿನ ಎಷ್ಟು? ಹವೆ ಕೆಟ್ಟರೆ ಕಾಯಲು ದಿನವಿದೆಯೇ? ಒಬ್ಬ ಹೊರೆಯಾಳಿಗೆ ಎಷ್ಟು ಕಿಲೋ ಹೊರೆ? ರಾತ್ರಿ ಅಡುಗೆಯವನೂ ಹೊರೆಯಾಳೂ ಮಲಗುವುದೆಲ್ಲಿ?

ಒಳ್ಳೆಯ ಸಂಘಟಕ ಈ ಪ್ರಶ್ನೆಗಳಿಗೆ ಸಿಡುಕುವುದಿಲ್ಲ. ಉತ್ತರ ಕೇಳಿದ ಮೇಲೆ ಆ ಎರಡು ದರಗಳ ನಡುವಿನ ಅಂತರ ಎಷ್ಟೋ ಸಲ ಒಂದು ದಿನದ ಬಿಡುವು, ಒಂದು ಜೊತೆ ಬೂಟು, ಒಂದು ಹೆಚ್ಚಿನ ಡೇರೆಯ ಬೆಲೆಯಷ್ಟೇ ಎಂಬುದು ತಿಳಿದೀತು.